ರೊಟ್ಟಿ ನನ್ನದು, ಸಾಲವೂ ನನ್ನ ಹೆಸರಲ್ಲೇ

‘ವೈನಿ, ಬ್ಯಾಂಕಿನವ್ರು ಹೆಣ್ಮಕ್ಕಳಿಗೆ ಐವತ್ತು ಸಾವಿರದ ಮ್ಯಾಲೆ ಕೊಡೂದಿಲ್ಲ, ಸುಮ್ನ ಓಡಾಡಬ್ಯಾಡ್ರಿ’ ಅಂತ ನನ್ನ ಮೈದುನ ಹೇಳಿದ್ದು 2018ರಲ್ಲಿ. ನಾಲ್ಕು ವರ್ಷಕ್ಕೆ ನನ್ನ ಖಡಕ್ ರೊಟ್ಟಿ ಘಟಕಕ್ಕೆ 9 ಲಕ್ಷ ಮಂಜೂರಾಯ್ತು. ಅಡಮಾನ ಇಲ್ಲ, ಮನೆಯವರ ಸಹಿಯೂ ಇಲ್ಲ. ಹೇಗೆ ಮಾಡಿದೆ ಅಂತ ವಿಜಯಪುರದ ಸುತ್ತಲಿನ ಅಕ್ಕ-ತಂಗಿಯರು ಕೇಳ್ತಾನೇ ಇರ್ತಾರೆ. ಅದಕ್ಕೇ ಬರೆದಿದ್ದೇನೆ.

ಮೊದಲು ಕಳಕೊಂಡಿದ್ದು ಹೇಳ್ತೀನಿ. 2016ರಲ್ಲಿ ಗುಂಪಿನ ಸಾಲ 30 ಸಾವಿರ ತೆಗೆದುಕೊಂಡೆ. ವಾರದ ಕಂತು. ಜೋಳ ತಂದು, ಬೀಸಿ, ತಟ್ಟಿ, ಖಾನಾವಳಿಗೆ ಕೊಟ್ಟು, ಅಲ್ಲಿಂದ ದುಡ್ಡು ಬರೋಕೆ ತಿಂಗಳು ಬೇಕು. ಕಂತು ಮಾತ್ರ ಎರಡನೇ ವಾರಕ್ಕೇ ಬಂದು ಬಾಗಿಲಲ್ಲಿ ನಿಲ್ತಿತ್ತು. ಸಾಲದ ದುಡ್ಡಿನಲ್ಲೇ ಸಾಲ ಕಟ್ಟಿದೆ. ಮರುವರ್ಷ ಬಳೆ ಒತ್ತೆ ಇಟ್ಟು 70 ಸಾವಿರಕ್ಕೆ ಹಳೇ ರೊಟ್ಟಿ ಯಂತ್ರ ತಂದೆ. ಅದರಲ್ಲಿ ಒತ್ತಿದ ರೊಟ್ಟಿಯ ಅಂಚು ಸೀಳ್ತಿತ್ತು. 25 ಸಾವಿರಕ್ಕೆ ಕೊಟ್ಟು ಕೈತೊಳೆದುಕೊಂಡೆ. ಬಳೆ ಬಿಡಿಸೋಕೆ ಎರಡು ವರ್ಷ ಬೇಕಾಯ್ತು.

ಆಮೇಲೆ ಬ್ಯಾಂಕಿಗೆ ಹೋದೆ. 5 ಲಕ್ಷ ಕೇಳಿದೆ. ಮೇಜಿನ ಆಚೆ ಕೂತವರು ನನ್ನ ಕಾಗದ ತೆರೆಯಲೇ ಇಲ್ಲ. ‘ಯಜಮಾನ್ರು ಏನ್ಮಾಡ್ತಾರೆ? ಅವರನ್ನ ಕರ್ಕೊಂಡು ಬನ್ನಿ, ಮನೆ ಪತ್ರ ತನ್ನಿ’ ಅಂದರು. ಮನೆ ಮಾವನ ಹೆಸರಲ್ಲಿ. ಹೊಲ ತವರಿನದು. 2010ರಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಸೀರೆ ಕೊಟ್ಟು, ಉಡಿ ತುಂಬಿ ಕಳಿಸಿದ್ದರು. 2005ರಲ್ಲೇ ಕಾನೂನು ಮಗಳಿಗೂ ಸಮಪಾಲು ಕೊಟ್ಟಿತ್ತು. ಗೊತ್ತಿದ್ದೂ ಸಹಿ ಮಾಡಿದೆ, ಅಣ್ಣನ ಮುಖ ನೋಡಿ. ಅದೇ ಶಾಖೆಯಲ್ಲಿ ಮೈದುನನ ಪಂಪ್‌ಸೆಟ್ ಅಂಗಡಿಗೆ 4 ಲಕ್ಷ ಸಿಕ್ಕಿತ್ತು. ಹೆಂಡತಿಯನ್ನು ಕರ್ಕೊಂಡು ಬನ್ನಿ ಅಂತ ಅವನಿಗೆ ಯಾರೂ ಹೇಳಲಿಲ್ಲ. ನನಗೆ ಶಿಶು ಮುದ್ರಾ ತಗೊಳ್ಳಿ ಅಂದರು, ಮುದ್ರಾ ಯೋಜನೆಯ ಎಲ್ಲಕ್ಕಿಂತ ಚಿಕ್ಕ ಸಾಲ, 50 ಸಾವಿರ. ಬೇಡ ಅಂದು ಎದ್ದು ಬಂದೆ. ಆವತ್ತು ತುಂಬಾ ಅತ್ತಿದ್ದೆ.

ರಾತ್ರಿ ಪಾಸ್‌ಬುಕ್ ಬಿಚ್ಚಿ ಕೂತಾಗ ನನ್ನ ತಪ್ಪೂ ಕಂಡಿತು. ದಿನಕ್ಕೆ 500 ರೊಟ್ಟಿ ಮಾರ್ತಿದ್ದೆ, ಆದರೆ ನನ್ನ ಖಾತೆಯಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟರೆ ಏನೂ ಇಲ್ಲ. ಕ್ಯೂಆರ್ ಮನೆಯವರ ಹೆಸರಲ್ಲಿ. ಖಾನಾವಳಿಯವರು ಕೊಡೋ ನಗದು ಅಡುಗೆಮನೆ ಡಬ್ಬಿಗೆ, ಅಲ್ಲಿಂದ ಕಿರಾಣಿಗೆ, ಮಕ್ಕಳ ಫೀಸಿಗೆ. ಕಾಗದದ ಮೇಲೆ ನಾನು ವ್ಯಾಪಾರವನ್ನೇ ಮಾಡಿರಲಿಲ್ಲ.

ಮರುದಿನವೇ ಘಟಕದ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆದೆ. ಕ್ಯೂಆರ್ ಬದಲಾಯಿಸಿದೆ. ಪಕ್ಕದ ಮನೆಯವರ 50 ರೂಪಾಯಿಯೂ ಅದಕ್ಕೇ ಬರಬೇಕು. ಕೂಲಿಯೂ ಅಲ್ಲಿಂದಲೇ. ಮನೆ ಖರ್ಚಿಗೆ ತಿಂಗಳಿಗೆ ಒಂದೇ ಸಲ, ನನ್ನ ಸಂಬಳ ಅಂತ ತೆಗೆದೆ. ಮನೆಯಲ್ಲಿ ಮುನಿಸಾಯ್ತು, ‘ಗಂಡನಿಗೇ ಲೆಕ್ಕ ಹೇಳ್ತಾಳ’ ಅಂದರು. ಎರಡು ವರ್ಷ ಆದಾಯ ತೆರಿಗೆ ರಿಟರ್ನ್ ಹಾಕಿದೆ. ಲಾಕ್‌ಡೌನ್‌ನಲ್ಲಿ ಖಾನಾವಳಿ ಮುಚ್ಚಿದಾಗಲೂ ಬೆಂಗಳೂರಿಗೆ ಪಾರ್ಸಲ್ ಕಳಿಸಿ ಖಾತೆ ಉಸಿರಾಡೋ ಹಾಗೆ ನೋಡಿಕೊಂಡೆ.

2022ರಲ್ಲಿ ಪಿಎಂಎಫ್‌ಎಂಇಗೆ, ಅಂದರೆ ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆಗೆ, ಅರ್ಜಿ ಹಾಕಿದೆ. ಆಗ ನಮ್ಮ ರಾಜ್ಯದಲ್ಲಿ ಸಬ್ಸಿಡಿ ಅರ್ಧದಷ್ಟು, 15 ಲಕ್ಷದ ಮಿತಿ ಇತ್ತು. ಗಿರಣಿ, ಹಿಟ್ಟು ನಾದೋ ಯಂತ್ರ, ಭಟ್ಟಿ ಎಲ್ಲಾ ಸೇರಿ ಐದೂವರೆ ಲಕ್ಷದ ಮೇಲೆ. 5 ಲಕ್ಷ ಸಾಲ, ಉಳಿದದ್ದು ಕೈಯಿಂದ. ಬೇರೆ ಶಾಖೆಗೆ ಹೋಗಿದ್ದೆ. ಅಲ್ಲೂ ಅಡಮಾನ ಕೇಳಿದರು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗೆ ಅಡಮಾನ ಕೇಳೋ ಹಾಗಿಲ್ಲ ಅಂತ ಆಗ ಇದ್ದ ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರಿಂಟ್ ಮುಂದಿಟ್ಟೆ. ಸಬ್ಸಿಡಿ ಕೈಗೆ ಬರಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಕೂತು ಆಮೇಲೆ ಸಾಲಕ್ಕೆ ಜಮಾ. ಆ ದುಡ್ಡು ನಂಬಿ ಯಾರಿಗೂ ಮಾತು ಕೊಡಬೇಡಿ.

ಎಲ್ಲಕ್ಕಿಂತ ಮುಖ್ಯ, ಜೊತೆಗೇ 4 ಲಕ್ಷದ ಸಿಸಿ, ಅಂದರೆ ಬೇಕಾದಾಗ ತೆಗೆದು ಬಂದಾಗ ಕಟ್ಟೋ ಕ್ಯಾಶ್ ಕ್ರೆಡಿಟ್ ಸಾಲ, ಕೇಳಿದ್ದು. ನಮ್ಮವರು ಯಂತ್ರಕ್ಕೆ ಕೇಳ್ತಾರೆ, ಓಡಿಸೋ ದುಡ್ಡು ಕೇಳಲ್ಲ. ಆಗ ಸುಗ್ಗಿಯಲ್ಲಿ ಮಾಲ್ದಂಡಿ ಜೋಳ ಕ್ವಿಂಟಲ್‌ಗೆ ಮೂರು ಸಾವಿರ ಚಿಲ್ಲರೆಗೆ ಸಿಕ್ಕರೆ ಮಳೆಗಾಲ ಕಳೆಯೋ ಹೊತ್ತಿಗೆ ಸಾವಿರ, ಒಂದೂವರೆ ಸಾವಿರ ಜಾಸ್ತಿ ಆಗ್ತಿತ್ತು. 2023ರ ಬರದಲ್ಲಂತೂ ಕೇಳಲೇಬೇಡಿ. ಮೊದಲೆಲ್ಲಾ ನಾನು ಚೀಲ ಚೀಲ ತಂದು ಲಾಭವನ್ನೆಲ್ಲಾ ಅಲ್ಲೇ ಬಿಡ್ತಿದ್ದೆ.

ಮಧ್ಯೆ ರಾಗಿ ರೊಟ್ಟಿ ಮಾಡಿ ನೋಡಿದೆ, ಪಾರ್ಸಲ್‌ನಲ್ಲಿ ಪುಡಿ ಪುಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗೆ ಚೆನ್ನಾಗಿ ಹೋಗುತ್ತೆ. ತಟ್ಟೋದು ಇವತ್ತಿಗೂ ಕೈಯಲ್ಲೇ. ಮಳೆಗಾಲದಲ್ಲಿ ನನ್ನ ರೊಟ್ಟಿ ಯಾಕೆ ಮೆತ್ತಗಾಗಲ್ಲ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ.

2023ರ ಜೂನ್‌ನಲ್ಲಿ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ನಾಲ್ಕು ಜನ ಹೊಸಬರು ಬಂದರು. ಮೊದಲು ಬಸ್ಸಿಗೇ ದಿನಕ್ಕೆ 40 ರೂಪಾಯಿ ಹೋಗ್ತಿತ್ತು ಅವರಿಗೆ. ಈಗ ಒಟ್ಟು ಹತ್ತು ಜನ, ದಿನಕ್ಕೆ 2,000 ರೊಟ್ಟಿ, ತಿಂಗಳಿಗೆ ಮೂರೂವರೆ ಲಕ್ಷದ ಆಸುಪಾಸು ವಹಿವಾಟು. ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಅವರದೇ ಖಾತೆ ಇದೆಯಾ ಅಂತ ಕೇಳ್ತೀನಿ. ಕೂಲಿ ಗಂಡನ ಖಾತೆಗೆ ಹಾಕಿ ಅಂದರೆ ಹಾಕಲ್ಲ.

ಕಳೆದ ಸುಗ್ಗಿಗೆ ಸಿಸಿಯಿಂದ ನೂರಿಪ್ಪತ್ತು ಕ್ವಿಂಟಲ್ ಒಂದೇ ಸಲ ಇಳಿಸಿದೆ. ಚೀಲ ಹೊರಿಸೋಕೆ ಮೈದುನನೇ ಬಂದು ನಿಂತಿದ್ದ.