ಗೋಡೆಗೆ ಬಂದ ಜ್ವರ

ಬೇಸಿಗೆಯ ಒಂದು ರಾತ್ರಿ. ಹತ್ತೂವರೆ ಆಗಿತ್ತು. ಅಮ್ಮ ತಮ್ಮ ಕೋಣೆಯಿಂದ ಕರೆದರು. "ಈ ಗೋಡೆ ಮುಟ್ಟಿ ನೋಡೇ, ಜ್ವರ ಬಂದ ಹಾಗಿದೆ" ಅಂದರು. ಪಶ್ಚಿಮದ ಗೋಡೆ ಅದು. ಅಂಗೈ ಇಟ್ಟೆ. ಮೈ ಸುಡುತ್ತಿರುವ ಮಗುವಿನ ಬೆನ್ನು ಮುಟ್ಟಿದ ಹಾಗೇ ಆಯಿತು. ಹೊತ್ತು ಮುಳುಗಿ ನಾಲ್ಕು ಗಂಟೆ ಕಳೆದಿತ್ತು, ಹೊರಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಗೋಡೆ ಮಾತ್ರ ಇನ್ನೂ ಮಧ್ಯಾಹ್ನದಲ್ಲೇ ಇತ್ತು. ಏಣಿ ತಂದು ಹತ್ತಿ ಸೂರನ್ನೂ ಮುಟ್ಟಿದೆ. ಅದು ಗೋಡೆಗಿಂತ ಜಾಸ್ತಿ ಬಿಸಿ.

ನಮ್ಮದು ಮೇಲಿನ ಮಹಡಿ. ತಲೆ ಮೇಲೆ ನೇರ ತಾರಸಿ. ಅಲ್ಲಿಯವರೆಗೆ ಸೆಕೆ ಅಂದರೆ ಗಾಳಿಯ ಬಿಸಿ ಅಂತಲೇ ನಾನು ತಿಳಿದಿದ್ದೆ. ಸೆಕೆಯಾದರೆ ಫ್ಯಾನ್ ಜೋರು ಮಾಡುವುದು, ಸಾಲದಿದ್ದರೆ ಎ.ಸಿ.ಯನ್ನು 18 ಡಿಗ್ರಿಗೆ ಇಳಿಸುವುದು. ಎ.ಸಿ. ಹಾಕಿದ ಅರ್ಧ ಗಂಟೆಗೆ ಕಾಲು ತಣ್ಣಗಾಗುತ್ತಿತ್ತು, ಆದರೆ ನೆತ್ತಿ ಬಿಸಿಯಾಗೇ ಇರುತ್ತಿತ್ತು. ಯಾಕೆ ಹೀಗೆ ಅಂತ ಯೋಚಿಸಿಯೇ ಇರಲಿಲ್ಲ.

ಮಾರನೇ ದಿನ ಎರಡು ಥರ್ಮಾಮೀಟರ್ ತಂದೆ, ತೇವಾಂಶವನ್ನೂ ತೋರಿಸುವಂಥವು. ಒಂದು ಅಮ್ಮನ ಕೋಣೆಗೆ, ಇನ್ನೊಂದು ಹೊರಗೆ ಬಿಸಿಲು ಬೀಳದ ಜಾಗಕ್ಕೆ. ನೆರಳಲ್ಲೇ ಇಡಬೇಕು. ಬಿಸಿಲಿಗೆ ಇಟ್ಟರೆ ಅದು ತನ್ನದೇ ಮೈಯ ಕಾವನ್ನು ತೋರಿಸುತ್ತದೆ, ಗಾಳಿಯದ್ದಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ಸಲ ಬರೆಯತೊಡಗಿದೆ. ಮೂರನೇ ದಿನಕ್ಕೇ ವಿಷಯ ಕಣ್ಣಿಗೆ ಬಿತ್ತು. ಮಧ್ಯಾಹ್ನ 3ಕ್ಕೆ ಹೊರಗೆ 38, ಒಳಗೆ 32. ರಾತ್ರಿ 9ಕ್ಕೆ ಹೊರಗೆ 29, ಒಳಗೆ 34. ಅಂದರೆ ಹೊರಗಿನ ಮಧ್ಯಾಹ್ನ ನಮ್ಮ ಮನೆಯೊಳಗೆ ಬರುವುದು ರಾತ್ರಿಗೆ!

ಇದಕ್ಕೆ ಕಾರಣ ಸರಳ. ಕಾಂಕ್ರೀಟು, ಇಟ್ಟಿಗೆ ಎರಡೂ ಬಿಸಿಯನ್ನು ನಿಧಾನವಾಗಿ ಹೀರಿ ನಿಧಾನವಾಗಿ ಬಿಡುತ್ತವೆ. ನಾಲ್ಕೈದು ಇಂಚಿನ ತಾರಸಿ ದಾಟಿ ಕಾವು ಒಳಗೆ ಇಳಿಯಲು ಹಲವು ಗಂಟೆ ಬೇಕು. ದಪ್ಪ ಇಟ್ಟಿಗೆ ಗೋಡೆಗೆ ಇನ್ನೂ ಹೆಚ್ಚು ಹೊತ್ತು. ಇನ್ನೊಂದು ವಿಷಯವೂ ಇದೆ. ನಮ್ಮ ಮೈ ಗಾಳಿಯ ಜೊತೆ ಮಾತ್ರ ಬಿಸಿಯನ್ನು ಕೊಟ್ಟು ತೆಗೆದುಕೊಳ್ಳುವುದಿಲ್ಲ, ಸುತ್ತಲಿನ ಗೋಡೆ, ಸೂರು, ನೆಲದ ಜೊತೆಗೂ ಆ ವ್ಯವಹಾರ ನಡೆಯುತ್ತದೆ. ಡೆನ್ಮಾರ್ಕಿನ ಫ್ಯಾಂಗರ್ ಎಂಬ ವಿಜ್ಞಾನಿ 1970ರ ಹೊತ್ತಿಗೆ ಇದನ್ನು ಆರು ಅಂಶಗಳಾಗಿ ಲೆಕ್ಕ ಹಾಕಿ ತೋರಿಸಿದರು. ಗಾಳಿಯ ಬಿಸಿ, ಸುತ್ತಲಿನ ಮೇಲ್ಮೈಗಳ ಬಿಸಿ, ತೇವಾಂಶ, ಗಾಳಿಯ ಓಡಾಟ, ನಾವು ತೊಟ್ಟ ಬಟ್ಟೆ, ನಾವು ಮಾಡುತ್ತಿರುವ ಕೆಲಸ. ನಾನು ಅಷ್ಟು ವರ್ಷ ಗಾಳಿಯ ಬಿಸಿ, ಗಾಳಿಯ ಓಡಾಟ ಇವೆರಡರ ಜೊತೆ ಮಾತ್ರ ಗುದ್ದಾಡಿದ್ದೆ. ಉಳಿದ ನಾಲ್ಕನ್ನು ಮುಟ್ಟಿಯೇ ಇರಲಿಲ್ಲ.

ಮೊದಲು ಬದಲಾಯಿಸಿದ್ದು ಕಿಟಕಿ ತೆರೆಯುವ ಹೊತ್ತು. "ಗಾಳಿ ಬರಲಿ" ಅಂತ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಕಿಟಕಿ ತೆಗೆದಿಡುತ್ತಿದ್ದೆವು. ಬರುತ್ತಿದ್ದದ್ದು 38 ಡಿಗ್ರಿಯ ಗಾಳಿ. ರಾತ್ರಿ, ಸೊಳ್ಳೆ ಬರುತ್ತವೆ ಅಂತ ಮುಚ್ಚುತ್ತಿದ್ದೆವು. ಪೂರ್ತಿ ಉಲ್ಟಾ. ಈಗ ನೋಡುವುದು ಒಂದೇ: ಎರಡು ಥರ್ಮಾಮೀಟರ್‌ಗಳಲ್ಲಿ ಯಾವುದು ಕಡಿಮೆ ತೋರಿಸುತ್ತಿದೆ? ಹೊರಗಿನದು ಕಡಿಮೆ ಇದ್ದರೆ ಕಿಟಕಿ ತೆರೆ. ಒಳಗಿನದು ಕಡಿಮೆ ಇದ್ದರೆ ಕಿಟಕಿ ಮುಚ್ಚಿ ಪರದೆ ಎಳೆ. ಬೇಸಿಗೆಯಲ್ಲಿ ನಮಗೆ ಮುಚ್ಚುವ ಹೊತ್ತು ಬೆಳಗ್ಗೆ 9ರ ಸುಮಾರಿಗೆ ಬರುತ್ತದೆ, ತೆರೆಯುವ ಹೊತ್ತು ಸಂಜೆ 7ರ ಆಸುಪಾಸು. ಕಿಟಕಿಗಳಿಗೆಲ್ಲ ಸೊಳ್ಳೆಪರದೆ ಹಾಕಿಸಿದೆ. ಅದಿಲ್ಲದೆ ಈ ಕ್ರಮ ಒಂದು ದಿನವೂ ನಡೆಯುವುದಿಲ್ಲ.

ಮನೆಯವರು ಮೊದಲು ಒಪ್ಪಲಿಲ್ಲ. ಬಿಸಿಲು ಹೊತ್ತಲ್ಲಿ ಮನೆ ಮುಚ್ಚಿಕೊಂಡು ಕೂತರೆ ಉಸಿರು ಕಟ್ಟುತ್ತೆ ಅಂದರು. ಒಳಬಾಗಿಲುಗಳನ್ನು ತೆಗೆದಿಟ್ಟು ಫ್ಯಾನ್ ಹಾಕಿದರೆ ಆ ತೊಂದರೆ ಆಗಲಿಲ್ಲ. ನಾಲ್ಕು ದಿನದಲ್ಲಿ ಸಂಜೆಯ ಅಂಕಿ ಎರಡು ಡಿಗ್ರಿ ಇಳಿದದ್ದನ್ನು ನೋಟ್‌ಬುಕ್ಕಿನಲ್ಲಿ ತೋರಿಸಿದೆ. ಆಮೇಲೆ ಮಗಳೇ ಬೆಳಗ್ಗೆ ಎದ್ದು ಥರ್ಮಾಮೀಟರ್ ನೋಡಿ ಕಿಟಕಿ ಮುಚ್ಚುವ ಕೆಲಸ ವಹಿಸಿಕೊಂಡಳು.

ರಾತ್ರಿ ತೆರೆಯುವಾಗ ಎದುರುಬದುರು ಇರುವ ಎರಡು ಕಿಟಕಿ ಬೇಕು. ಒಂದೇ ಕಡೆ ತೆರೆದರೆ ಗಾಳಿ ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ಮೇಲಿನ ವೆಂಟಿಲೇಟರನ್ನು ಮುಚ್ಚಲೇಬಾರದು. ನಮ್ಮಲ್ಲಿ ಅದಕ್ಕೆ ಹಳೇ ರಟ್ಟು ತುರುಕಿದ್ದರು, ಕಿತ್ತು ಬಿಸಾಕಿದೆ. ಗಾಳಿಯೇ ಆಡದ ರಾತ್ರಿಗಳಲ್ಲಿ ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಡುತ್ತೇನೆ. ಅದು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ತಾನೇ ಒಳಗೆ ಬರುತ್ತದೆ.

ಇನ್ನು ತಾರಸಿ. ನಾನು ಮಾಡಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಳೆಗೆ ಕಪ್ಪಾದ ತಾರಸಿ ಬಿಸಿಲಲ್ಲಿ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಬಿಳಿ ಮೇಲ್ಮೈ ಬಿಸಿಲಿನ ದೊಡ್ಡ ಪಾಲನ್ನು ವಾಪಸ್ ಕಳಿಸುತ್ತದೆ. ಬೇಸಿಗೆ ಶುರುವಾಗುವ ಮೊದಲೇ ಕೆಲಸ ಹಿಡಿದೆ. ಮೊದಲ ದಿನ ತಂತಿ ಬ್ರಷ್ಷಿನಿಂದ ಪಾಚಿ ಕೆರೆದು ತೊಳೆದೆ. ಎರಡನೇ ದಿನ ಒಣಗಲು ಬಿಟ್ಟು, ಕೂದಲೆಳೆಯಂಥ ಬಿರುಕುಗಳನ್ನೆಲ್ಲ ಹುಡುಕಿ ಮುಚ್ಚಿದೆ. ಮೂರನೇ ದಿನ ನಸುಕಿಗೇ ಬಿಸಿಲು ತಡೆಯುವ ಬಿಳಿ ಬಣ್ಣದ ಮೊದಲ ಕೋಟು, ಮರುದಿನ ಅಡ್ಡಡ್ಡಲಾಗಿ ಎರಡನೆಯದು. ಬಿಸಿಲೇರಿದ ಮೇಲೆ ಬಳಿಯಬಾರದು. ಬಣ್ಣ ಹಿಡಿಯುವ ಮುಂಚೆಯೇ ಒಣಗಿ ಆಮೇಲೆ ಹಪ್ಪಳದ ಹಾಗೆ ಏಳುತ್ತದೆ. ಒಂದು ಮೂಲೆಯಲ್ಲಿ ನನಗೆ ಹಾಗೇ ಆಯಿತು, ಕೆರೆದು ಮತ್ತೆ ಬಳಿಯಬೇಕಾಯಿತು. ಸುಣ್ಣವೂ ಆಗುತ್ತದೆ. ಆದರೆ ಅದನ್ನು ಪ್ರತಿ ವರ್ಷ ಬಳಿಯಬೇಕು.

ಮುಂಚೆ ಮಧ್ಯಾಹ್ನ ತಾರಸಿಯ ಮೇಲೆ ಬರಿಗಾಲಿನಲ್ಲಿ ಎರಡು ಹೆಜ್ಜೆ ಇಡಲಾಗುತ್ತಿರಲಿಲ್ಲ. ಬಣ್ಣ ಬಳಿದ ವಾರ, ಮಧ್ಯಾಹ್ನ ಎರಡಕ್ಕೆ ಚಪ್ಪಲಿ ಬಿಟ್ಟು ಬೇಕೆಂದೇ ಆ ತುದಿಯಿಂದ ಈ ತುದಿಗೆ ನಡೆದೆ. ಪಾದ ಬೆಚ್ಚಗಾಯಿತು, ಅಷ್ಟೇ. ಕಣ್ಣು ಮಾತ್ರ ಬಿಡಲಾಗಲಿಲ್ಲ, ಅಷ್ಟು ಬೆಳಕು. ಧೂಳು ಕೂತರೆ ಈ ಗುಣ ಕಮ್ಮಿಯಾಗುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ತೊಳೆಯುತ್ತೇನೆ. ಬಿಳಿ ತಾರಸಿ ಚಳಿಗಾಲದಲ್ಲೂ ಬಿಸಿಲನ್ನು ವಾಪಸ್ ಕಳಿಸುತ್ತದೆ ಎಂಬುದು ನಿಜ. ನಮ್ಮಲ್ಲಿ ಚಳಿಗಿಂತ ಸೆಕೆಯ ತಿಂಗಳು ಜಾಸ್ತಿ, ಹಾಗಾಗಿ ಇದು ಸರಿಹೋಯಿತು. ಚಳಿಯೇ ಹೆಚ್ಚಾದ ಕಡೆ ಬಣ್ಣಕ್ಕಿಂತ ಸೂರಿಗೆ ಬಿಸಿ ತಡೆಯುವ ಪದರ ಹಾಕಿಸುವುದೇ ಮೇಲು. ಅದು ಎರಡೂ ಕಾಲಕ್ಕೆ ಆಗುತ್ತದೆ.

ಅಮ್ಮನ ಪಶ್ಚಿಮದ ಗೋಡೆ ಇದಕ್ಕೆ ಬಗ್ಗಲಿಲ್ಲ. ಸಂಜೆಯ ಸೂರ್ಯ ಕೆಳಗಿಳಿದು ಅಡ್ಡಲಾಗಿ ಹೊಡೆಯುತ್ತಾನೆ. ಕಿಟಕಿ ಮೇಲಿನ ಸಜ್ಜಾ ಆಗ ಲೆಕ್ಕಕ್ಕೇ ಇಲ್ಲ. ಒಳಗೆ ದಪ್ಪ ಪರದೆ ಹಾಕಿ ನೋಡಿದೆ. ಆದರೆ ಬಿಸಿಲು ಗಾಜು ದಾಟಿ ಬಂದಾಗಿತ್ತು, ಪರದೆಯೇ ಕಾದು ಕೋಣೆಗೆ ಕಾವು ಬಿಡುತ್ತಿತ್ತು. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಬಿದಿರಿನ ಪರದೆಯನ್ನು ಕಿಟಕಿಯ ಹೊರಗೆ, ಗಾಜಿನಿಂದ ಒಂದು ಗೇಣು ದೂರದಲ್ಲಿ ಇಳಿಬಿಟ್ಟೆ. ಗೋಡೆಗೆ ಸ್ವಲ್ಪ ಅಂತರ ಬಿಟ್ಟು ತಂತಿ ಕಟ್ಟಿ ಬಳ್ಳಿ ಹಬ್ಬಿಸಿದೆ. ಅದು ತುಂಬಿಕೊಳ್ಳಲು ಎರಡು ವರ್ಷ ಹಿಡಿಯಿತು. ಈಗ ಸಂಜೆ ಆ ಗೋಡೆಯ ಮೇಲೆ ಎಲೆಗಳ ನೆರಳು ಮಾತ್ರ ಆಡುತ್ತದೆ.

ಫ್ಯಾನಿನ ಬಗ್ಗೆ ಒಂದು ಮಾತು. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸಿ ನಮ್ಮನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗಿದರೆ ಮೋಟಾರಿನ ಬಿಸಿ ಕೋಣೆಗೆ ಸೇರುತ್ತದೆ, ಅಷ್ಟೇ. ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನ್ ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆಗ ಅದು ಮೈಗೆ ಬಿಸಿಯನ್ನೇ ತಂದು ಹಾಕುತ್ತದೆ. ಅಂಥ ದಿನ ಅಮ್ಮನ ಕತ್ತಿಗೆ, ಕೈಗೆ ಒದ್ದೆ ಬಟ್ಟೆ ಒತ್ತುತ್ತೇನೆ, ಎ.ಸಿ. ಹಾಕುತ್ತೇನೆ. 18ಕ್ಕಲ್ಲ, 26ಕ್ಕೆ. ಜೊತೆಗೆ ಫ್ಯಾನ್ ನಿಧಾನಕ್ಕೆ. ಸೂರು ತಣ್ಣಗಿರುವುದರಿಂದ ಅದೇ ಸಾಕಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಮಳೆಗಾಲ ನನಗೆ ಹೊಡೆತ ಕೊಟ್ಟ ಕಾಲ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಕೂಲರನ್ನೇ ಮಳೆ ಬಂದ ಮೇಲೂ ಹಾಕಿದೆ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುತ್ತದೆ, ಕೂಲರಿನ ಗುಟ್ಟು ಅದೇ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಆವಿಯಾಗುವುದೆಲ್ಲಿಂದ? ತಂಪು ಬರಲಿಲ್ಲ, ಮೈ ಅಂಟಂಟು. ತೇವಾಂಶ 85ಕ್ಕೆ ಹೋಗಿತ್ತು. ಸಾಲದ್ದಕ್ಕೆ ಒದ್ದೆ ಬಟ್ಟೆಯನ್ನೆಲ್ಲ ಕೋಣೆಯೊಳಗೇ ಹರವುತ್ತಿದ್ದೆ. ಒಂದು ದಿನ ಬೀರು ಸರಿಸಿದರೆ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು, ಅಂಗೈ ಅಗಲದ ಮಚ್ಚೆಗಳು. ಅಮ್ಮನಿಗೆ ಒಂದು ತಿಂಗಳಿಂದ ಕೆಮ್ಮಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಬೀರು, ಮಂಚ ಎಲ್ಲವೂ ಗೋಡೆಯಿಂದ ನಾಲ್ಕು ಬೆರಳು ದೂರ. ಬಟ್ಟೆ ಒಣಗುವುದು ಎಕ್ಸಾಸ್ಟ್ ಫ್ಯಾನ್ ಇರುವ ಬಚ್ಚಲಿನಲ್ಲಿ, ಬಾಗಿಲು ಮುಚ್ಚಿ. ಸ್ನಾನ, ಅಡುಗೆ ಆದ ಮೇಲೂ ಅರ್ಧ ಗಂಟೆ ಎಕ್ಸಾಸ್ಟ್ ಓಡಲೇಬೇಕು. ಮಳೆ ಬಿಡುವು ಕೊಟ್ಟಾಗ ಕಿಟಕಿ ತೆರೆಯುತ್ತೇನೆ. ತೇವಾಂಶ 60ರ ಕೆಳಗೆ ಬಂದ ದಿನ ಮನೆಯೇ ಹಗುರವಾದ ಹಾಗಿರುತ್ತದೆ. ಮಳೆಗಾಲದಲ್ಲಿ ನಾನು ಡಿಗ್ರಿಗಿಂತ ಮೊದಲು ಈ ಅಂಕಿ ನೋಡುವುದು.

ಚಳಿಗೆ ನಾವು ಹೆಚ್ಚೇನೂ ಮಾಡಬೇಕಾಗಲಿಲ್ಲ. ಗಾಳಿ ಬೀಸುವ ಸಂಜೆ ಊದುಬತ್ತಿ ಹಚ್ಚಿ ಕಿಟಕಿ ಬಾಗಿಲುಗಳ ಅಂಚಿನಲ್ಲಿ ನಿಧಾನವಾಗಿ ಹಿಡಿದುಕೊಂಡು ಹೋದೆ. ಹೊಗೆ ನೇರ ಏಳುತ್ತಿದ್ದರೆ ಸರಿ, ಅಡ್ಡ ಬಾಗಿದರೆ ಅಲ್ಲಿ ಸಂದಿದೆ. ಅಮ್ಮನ ಕೋಣೆಯ ಬಾಗಿಲ ಕೆಳಗೆ ಹೊಗೆ ಚಾಟಿ ಬೀಸಿದ ಹಾಗೆ ಒಳಕ್ಕೆ ಹೊರಳಿತು. ಹಳೇ ಸೀರೆಯನ್ನು ಉದ್ದಕ್ಕೆ ಸುತ್ತಿ ಅಲ್ಲಿಟ್ಟೆ, ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಹಗಲು ಬಿಸಿಲು ಬೀಳುವ ಕಿಟಕಿಯ ಪರದೆ ಪೂರ್ತಿ ತೆರೆದು, ಹೊತ್ತು ಮುಳುಗುತ್ತಿದ್ದ ಹಾಗೆ ಎಳೆಯುತ್ತೇನೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ ಇನ್ನೂ ಸ್ವಲ್ಪ ಬೆಚ್ಚಗೆ ಬೇಕು. ಅಮ್ಮನ ಕೋಣೆ 20ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ.

ಒಂದು ಬೆಳಗ್ಗೆ ಅಮ್ಮ ಕೆಂಡದ ಪಾತ್ರೆಯನ್ನು ಕೋಣೆಗೆ ತಂದು ಬಾಗಿಲು ಹಾಕಿಕೊಂಡಿದ್ದರು. ತಲೆನೋವು ಅಂತ ಅವರು ಕೂಗಿದ್ದು ನನಗೆ ಕೇಳಿಸಿತು, ಅದೇ ಪುಣ್ಯ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ. ಸಂದು ಮುಚ್ಚಿದ ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಂದು ಎಷ್ಟೇ ಮುಚ್ಚಿದರೂ ಮಧ್ಯಾಹ್ನ ಹತ್ತು ನಿಮಿಷ ಕಿಟಕಿ ತೆರೆದು ಗಾಳಿ ಬದಲಿಸಿ.

ಕಾಲ ತಿರುಗುವ ವಾರಗಳೇ ಎಲ್ಲಕ್ಕಿಂತ ಕಷ್ಟ. ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. ಮುಂಚೆ ವರ್ಷವಿಡೀ 24 ಡಿಗ್ರಿಯೇ ಬೇಕು ಅಂತ ಹಟ ಹಿಡಿದಿದ್ದೆ. ಆದರೆ ಮೈ ಹೊರಗಿನ ಹವೆಗೆ ಒಗ್ಗಿಕೊಳ್ಳುತ್ತದೆ. ಡಿ ಡಿಯರ್ ಮತ್ತು ಬ್ರೇಗರ್ ಎಂಬ ಸಂಶೋಧಕರು, ಕಿಟಕಿ ತೆರೆದು ಬದುಕುವ ಕಟ್ಟಡಗಳಿಗೆ ಇದರ ಲೆಕ್ಕ ಕೊಟ್ಟರು. ಹೊರಗಿನ ಸರಾಸರಿ ಉಷ್ಣತೆಯನ್ನು 0.31ರಿಂದ ಗುಣಿಸಿ 17.8 ಕೂಡಿಸಿದರೆ ಒಳಗೆ ಹಿತವೆನಿಸುವ ಉಷ್ಣತೆ ಸಿಗುತ್ತದೆ. ಹೊರಗೆ 20 ಇದ್ದರೆ 24, ಹೊರಗೆ 30 ಇದ್ದರೆ 27. ನಮ್ಮ ನೋಟ್‌ಬುಕ್ಕಿನಲ್ಲಿ "ಹಾಯಾಗಿತ್ತು" ಅಂತ ಅಮ್ಮ ಬರೆಸಿದ ದಿನಗಳನ್ನು ಹೋಲಿಸಿದೆ. ಹೆಚ್ಚುಕಮ್ಮಿ ತಾಳೆಯಾಯಿತು. ಈಗ ಈ ವಾರಗಳಲ್ಲಿ ಯಂತ್ರ ಮುಟ್ಟುವುದಿಲ್ಲ. ಹೊದಿಕೆ ಬದಲಿಸುತ್ತೇವೆ, ಕಿಟಕಿಯ ಹೊತ್ತನ್ನು ಅರ್ಧರ್ಧ ಗಂಟೆ ಸರಿಸುತ್ತಾ ಹೋಗುತ್ತೇವೆ.

ಮೊನ್ನೆ ಸೆಕೆ ಶುರುವಾದ ರಾತ್ರಿ ಮತ್ತೆ ಗೋಡೆ ಮುಟ್ಟಿ ನೋಡಿದೆ, ಅದೇ ಹತ್ತೂವರೆಗೆ. ಅಂಗೈಗೆ ಏನೂ ಅನ್ನಿಸಲಿಲ್ಲ. ಅಮ್ಮ ಆಗಲೇ ಆ ಗೋಡೆಗೆ ಬೆನ್ನು ಕೊಟ್ಟು ನಿದ್ದೆಹೋಗಿದ್ದರು. ಅಡುಗೆಮನೆಯ ಗೋಡೆ ಮಾತ್ರ ಇನ್ನೂ ಬಿಸಿಯಿದೆ. ಅಲ್ಲಿಗೂ ತಂತಿ ಕಟ್ಟಿದ್ದೇನೆ, ಬಳ್ಳಿ ಸೊಂಟದವರೆಗೆ ಬಂದಿದೆ.