ಹನ್ನೆರಡು ವೋಲ್ಟಿನಲ್ಲೇ ಮನೆ ಕೆಲಸ: ನನ್ನ ಅನುಭವ

ಹೋದ ತಿಂಗಳು ನಾಲ್ಕು ಬಾಗಿಲಿನ ಬೀರು ಮುಗಿಸಿ ಗೋಡೆಗೆ ನಿಲ್ಲಿಸಿದೆ. ಬಾಗಿಲಿಗೆ ಮೂರರಂತೆ ಹನ್ನೆರಡು ಕೀಲು, ಒಂದೊಂದಕ್ಕೂ 35 ಮಿ.ಮೀ. ಅಗಲದ ಗುಂಡಿ, ಮೇಲೆ ನೂರೈವತ್ತರ ಹತ್ತಿರ ಸ್ಕ್ರೂ. ಎರಡು ಭಾನುವಾರದ ಕೆಲಸ. ಮುಷ್ಟಿಯಲ್ಲಿ ಮುಚ್ಚಿಹೋಗುವಂಥ ಎರಡು ಬ್ಯಾಟರಿಯಲ್ಲೇ ಅಷ್ಟೂ ಆಯಿತು, ಚಾರ್ಜಿಗೆ ಅಂತ ಒಮ್ಮೆಯೂ ಕಾಯಲಿಲ್ಲ. ನೋಡಲು ಬಂದ ಭಾವ ನನ್ನ 12 ವೋಲ್ಟಿನ ಬ್ಯಾಟರಿ ಡ್ರಿಲ್ (ತೂತು ಕೊರೆದು ಸ್ಕ್ರೂ ಬಿಗಿಸುವ ಯಂತ್ರ) ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಇದರಲ್ಲೇ ಮಾಡಿದೆಯಾ?" ಅಂದರು. ಎರಡು ವರ್ಷದ ಹಿಂದೆ ಇದನ್ನು ತಂದ ದಿನ "ಆಟದ ಸಾಮಾನು ತಂದಿದ್ದೀಯಲ್ಲೋ, ಮತ್ತೆ ದುಡ್ಡು ಹಾಳು" ಅಂದವರೂ ಅವರೇ. ಬಡಗಿ ಕೆಲಸ ಮಾಡುವ ಗೆಳೆಯನೊಬ್ಬ, ಆರು ತಿಂಗಳು ಬಾಳಿಕೆ ಬಂದರೆ ಹೇಳು ಅಂದಿದ್ದ. ಅದಕ್ಕೇ ಬರೆಯಬೇಕು ಅನ್ನಿಸಿತು. ಯಾವ ಬಿಟ್ (ಡ್ರಿಲ್ಲಿನ ಮುಂದೆ ಹಾಕುವ ಮೊನೆ) ಯಾವುದಕ್ಕೆ ಅನ್ನುವುದೆಲ್ಲ ಓದುವವರಿಗೆ ಗೊತ್ತೇ ಇದೆ. ನಾನು ಬ್ರ್ಯಾಂಡ್ ಹೇಗೆ ಆರಿಸಿದೆ, ಅದಕ್ಕೂ ಮೊದಲು ಎಷ್ಟು ಕಳೆದುಕೊಂಡೆ ಅನ್ನುವುದಷ್ಟೇ ಇಲ್ಲಿದೆ.

ಮೊದಲು ತಂದದ್ದು ಹೆಸರೇ ಕೇಳದ ಕಂಪನಿಯ ಒಂದು ಡ್ರಿಲ್ ಸೆಟ್. ಡಬ್ಬದ ಮೇಲೆ ದಪ್ಪ ಅಂಕಿಯಲ್ಲಿ 48 ಅಂತ ಇತ್ತು. ಲೆಕ್ಕ ಸುಲಭವಾಗಲಿ, ಅದರ ಬೆಲೆಯನ್ನು ಒಂದು ಪಾಲು ಅಂದುಕೊಳ್ಳಿ. ಮುಂದಿನ ಖರ್ಚನ್ನೆಲ್ಲ ಅದೇ ಅಳತೆಯಲ್ಲಿ ಹೇಳುತ್ತೇನೆ. ನಾಲ್ಕನೇ ತಿಂಗಳಿಗೆ ಒಂದು ಬ್ಯಾಟರಿ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಐದೇ ಸೆಲ್, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಮಾಮೂಲಿ 18650. ಸೆಲ್ಲಿಗೆ 3.6 ವೋಲ್ಟಿನಂತೆ ಐದಕ್ಕೆ 18. ಚಾರ್ಜರಿನಿಂದ ಆಗಷ್ಟೇ ತೆಗೆದಾಗ ಸೆಲ್ಲಿಗೆ 4.2 ಹಿಡಿದರೂ 21 ದಾಟುವುದಿಲ್ಲ. 48 ಅನ್ನುವುದು ಬರೀ ಲೇಬಲ್ಲು. ದೊಡ್ಡ ಕಂಪನಿಗಳ "20 ವೋಲ್ಟ್ ಮ್ಯಾಕ್ಸ್" ಕೂಡ ಇದೇ ಐದು ಸೆಲ್ಲಿನದು. ಡಿವಾಲ್ಟ್ ಅಮೆರಿಕದಲ್ಲಿ 20 ಅಂತಲೂ ಯುರೋಪಿನಲ್ಲಿ 18 ಅಂತಲೂ ಮಾರುವುದು ಅದನ್ನೇ. ಆದರೆ ಅಲ್ಲಿ ಅಂಕಿಗೆ ಒಂದು ಲೆಕ್ಕವಿದೆ, ಇಲ್ಲಿ ಅದೂ ಇರಲಿಲ್ಲ.

ಆ ಸೆಟ್ಟಿನ ಎರಡನೇ ಬ್ಯಾಟರಿ ಇನ್ನೂ ಜೀವಂತವಿತ್ತು. ಅದರಲ್ಲಿ ನಿಜವಾಗಿ ಎಷ್ಟಿದೆ ನೋಡೇಬಿಡೋಣ ಅಂತ 12 ವೋಲ್ಟಿನ, 21 ವ್ಯಾಟಿನ ಎರಡು ವಾಹನದ ಬಲ್ಬನ್ನು ಒಂದರ ಹಿಂದೆ ಒಂದು ಜೋಡಿಸಿ ಉರಿಸಿದೆ. ಪಕ್ಕದಲ್ಲಿ ಮಲ್ಟಿಮೀಟರ್, ಕೈಯಲ್ಲಿ ಗಡಿಯಾರ. ಒಂದೂವರೆ ಆಂಪಿಯರ್ ಎಳೆಯುತ್ತಿತ್ತು. 15 ವೋಲ್ಟಿಗೆ ಇಳಿದಾಗ ನಿಲ್ಲಿಸಿದೆ, ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಎಳೆಯಬಾರದು ಅಂತ. ಮುಕ್ಕಾಲು ಗಂಟೆಯೂ ಉರಿಯಲಿಲ್ಲ. ಅಂದರೆ ಸುಮಾರು 1.1 ಎಎಚ್ (ಆಂಪಿಯರ್ ಅವರ್, ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು). ಮೇಲೆ ಬರೆದದ್ದು 4. ಮುಂದೆ ಹೆಸರಾಂತ ಕಂಪನಿಯ 2 ಎಎಚ್ ಬ್ಯಾಟರಿಯೊಂದನ್ನು ಗೆಳೆಯನಿಂದ ಕಡ ತಂದು ಇದೇ ಬಲ್ಬಿಗೆ ಹಾಕಿದಾಗ ಒಂದೂಕಾಲು ಗಂಟೆ ಉರಿಯಿತು, ಹೆಚ್ಚುಕಡಿಮೆ ಬರೆದಷ್ಟೇ. ಆವತ್ತಿನಿಂದ ನಾನು ಡಬ್ಬದ ಮೇಲಿನ ಅಂಕಿಯನ್ನು ಓದುವುದೇ ಬಿಟ್ಟಿದ್ದೇನೆ, ಬಲ್ಬಿನ ಲೆಕ್ಕವೇ ಲೆಕ್ಕ.

ಎರಡನೇ ಸಲ ಎಲ್ಲರೂ ಹೇಳಿದ ಹಾಗೆ ಕೇಳಿದೆ. "ತಗೊಂಡರೆ ದೊಡ್ಡದೇ ತಗೋ" ಅಂದರು. 18 ವೋಲ್ಟಿನ ಹ್ಯಾಮರ್ ಡ್ರಿಲ್ (ತಿರುಗುತ್ತಲೇ ಬಡಿಯುವಂಥದ್ದು), 5 ಎಎಚ್ ಬ್ಯಾಟರಿ ಎರಡು, ಚಾರ್ಜರ್. ನಾಲ್ಕು ಪಾಲು ಬಿತ್ತು. ಟೂಲಿನಲ್ಲಿ ಒಂದು ಕೊರತೆಯೂ ಇರಲಿಲ್ಲ, ತೂಕ ಮಾತ್ರ ಬ್ಯಾಟರಿ ಸೇರಿ ಎರಡು ಕೆ.ಜಿ. ಹತ್ತಿರ. ತಲೆಯ ಮೇಲೆ ಕೈಯೆತ್ತಿ ಪರದೆ ಕಂಬಿಯ ಬ್ರಾಕೆಟ್ ಹಾಕುವಾಗ ಆರನೇ ಸ್ಕ್ರೂಗೆ ಮಣಿಕಟ್ಟು ಸೋತುಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಒಂದು ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಹಾಗೇ ಬೀರುವಿನಲ್ಲಿಟ್ಟು ಐದಾರು ತಿಂಗಳು ಮರೆತೆ. ಆಮೇಲೆ ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಟುಕಿಸಿ ಸುಮ್ಮನಾಯಿತು. ಹೊಸ ಬ್ಯಾಟರಿ ಒಂದಕ್ಕೇ ಒಂದೂವರೆ ಪಾಲು! ಸೆಟ್ಟಿನೊಳಗೆ ಬರುವಾಗ ಬ್ಯಾಟರಿಯ ಬೆಲೆ ಕಾಣಿಸುವುದೇ ಇಲ್ಲ, ಬಿಡಿಯಾಗಿ ಕೊಳ್ಳಲು ಹೋದಾಗಲೇ ಉರಿ ಗೊತ್ತಾಗುವುದು.

ಮೂರನೆಯದಂತೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಬೇರೆ ಕಂಪನಿಯ ಜಿಗ್‌ಸಾ (ಹಲಗೆ ಕೊಯ್ಯುವ ಸಣ್ಣ ಗರಗಸ) ಅಗ್ಗಕ್ಕೆ ಸಿಕ್ಕಿತು, ಬ್ಯಾಟರಿ ಇಲ್ಲದ್ದು. ನನ್ನ ಬ್ಯಾಟರಿ ಅದಕ್ಕೆ ಕೂರಲಿ ಅಂತ ನಡುವೆ ಒಂದು ಅಡಾಪ್ಟರ್. ಎರಡೂ ಸೇರಿ ಒಂದೂವರೆ ಪಾಲು. ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಆದರೆ ಕೆಲವು ಕಂಪನಿಗಳಲ್ಲಿ ಬ್ಯಾಟರಿ ತೀರಾ ಇಳಿಯುವ ಮೊದಲೇ ಕರೆಂಟು ಕಡಿಯುವ ಕಾವಲು ಇರುವುದು ಬ್ಯಾಟರಿಯಲ್ಲಲ್ಲ, ಟೂಲಿನಲ್ಲಿ. ಅಡಾಪ್ಟರಿನಲ್ಲಿ ಇದ್ದದ್ದು ಎರಡೇ ತಂತಿ, ಪ್ಲಸ್ಸು ಮೈನಸ್ಸು. ಹಲಗೆಯೊಂದನ್ನು ಮುಗಿಸಿಯೇ ಬಿಡೋಣ ಅಂತ ಕೊನೆಯವರೆಗೂ ಟ್ರಿಗರ್ ಒತ್ತಿ ಹಿಡಿದೆ. ಮರುದಿನ ಅಳೆದರೆ ಸೆಲ್ಲಿಗೆ 2 ವೋಲ್ಟೂ ಇರಲಿಲ್ಲ. ಹೊಸದಾಗಿ ಕೊಂಡ ಬ್ಯಾಟರಿ ಅದೇ. ಅಡಾಪ್ಟರ್ ಹಾಕಿಕೊಂಡು ನಾಲ್ಕು ಬ್ರ್ಯಾಂಡ್ ಓಡಿಸುವವರು ಇದ್ದಾರೆ, ನನಗೆ ಅದು ಬೇಡ.

ಇಷ್ಟಕ್ಕೆ ಎಂಟು ಪಾಲು ಹೋಗಿತ್ತು. ಕೈಯಲ್ಲಿ ಉಳಿದದ್ದು ಡ್ರಿಲ್ಲು, ಒಂದೇ ಒಂದು ಬ್ಯಾಟರಿ. ಒಂದೇ ಇರುವುದರಿಂದ ಜೋಪಾನವಾಗಿ ಬಳಸಬೇಕಲ್ಲ, ಹಾಗಾಗಿ ಪ್ರತಿ ವಾರಾಂತ್ಯ ಏನೇನು ಮಾಡಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ: ಎಷ್ಟು ಸ್ಕ್ರೂ, ಎಷ್ಟು ಉದ್ದ, ಗೋಡೆಗೋ ಮರಕ್ಕೋ, ಕೊನೆಗೆ ಬ್ಯಾಟರಿಯ ಚಾರ್ಜು ತೋರಿಸುವ ದೀಪ ಎಷ್ಟು ಉಳಿಯಿತು. ಒಂಬತ್ತು ತಿಂಗಳು ಬರೆದೆ. ಸ್ಕ್ರೂ ಆರುನೂರು ದಾಟಿತ್ತು, ಅದರಲ್ಲಿ 60 ಮಿ.ಮೀ.ಗಿಂತ ಉದ್ದದ್ದು ನಲವತ್ತು ಇದ್ದರೆ ಹೆಚ್ಚು. ಗೋಡೆಯ ತೂತು ಎಪ್ಪತ್ತೋ ಎಂಬತ್ತೋ. ನಿಜವಾದ ಗಟ್ಟಿ ಕಾಂಕ್ರೀಟ್ ಸಿಕ್ಕಿದ್ದು ಹನ್ನೊಂದು ಕಡೆ. ನನಗೆ ಎಲ್ಲಕ್ಕಿಂತ ಅಚ್ಚರಿ ಆದದ್ದು ಬ್ಯಾಟರಿಯ ಕಾಲಂ ನೋಡಿ. ಒಂದೇ ಬ್ಯಾಟರಿ ಇದ್ದರೂ ಅದು ಅರ್ಧಕ್ಕಿಂತ ಕೆಳಗೆ ಇಳಿದದ್ದು ಮೂರೇ ಮೂರು ವಾರ. 18 ವೋಲ್ಟಿನ 5 ಎಎಚ್ ಅಂದರೆ 90 ವ್ಯಾಟ್ ಅವರ್. ಬಹುಪಾಲು ವಾರ ನಾನು ಬಳಸುತ್ತಿದ್ದದ್ದು ಇಪ್ಪತ್ತೋ ಇಪ್ಪತ್ತೈದೋ. ಅಷ್ಟು 12 ವೋಲ್ಟಿನ ಪುಟ್ಟ ಬ್ಯಾಟರಿಯಲ್ಲೇ ಇದೆ: ಮೂರು ಸೆಲ್, 10.8 ವೋಲ್ಟ್, 2 ಎಎಚ್, 21.6 ವ್ಯಾಟ್ ಅವರ್. ಎರಡು ಇದ್ದರೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ಆ ಹನ್ನೊಂದು ಕಾಂಕ್ರೀಟ್ ತೂತಿಗೆ 18 ವೋಲ್ಟಿನ ಹ್ಯಾಮರ್ ಡ್ರಿಲ್ ಕೂಡ ಹೇಳಿಕೊಳ್ಳುವಂತಿರಲಿಲ್ಲ. ಹಲ್ಲು ಚಕ್ರಗಳು ಒಂದರ ಮೇಲೊಂದು ಕಟಕಟ ಅನ್ನುತ್ತವೆಯೇ ಹೊರತು ಒತ್ತುವ ಬಲವೆಲ್ಲ ನಮ್ಮದೇ. ಒಂದು 8 ಮಿ.ಮೀ. ತೂತಿಗೆ ಮೂರು ನಿಮಿಷ ಎದೆಕೊಟ್ಟು ನಿಂತದ್ದುಂಟು. ಒಳಗೆ ಪಿಸ್ಟನ್ ಬಡಿಯುವ ಎಸ್‌ಡಿಎಸ್ ಪ್ಲಸ್ (ಬಿಟ್ ಹಿಡಿಯುವ ಒಂದು ಬಗೆ) ಹ್ಯಾಮರಿನಲ್ಲಿ ಅದು ಹದಿನೈದು ಇಪ್ಪತ್ತು ಸೆಕೆಂಡಿನ ಮಾತು. ಸೆಕೆಂಡ್ ಹ್ಯಾಂಡ್ ವೈರಿನ ಹ್ಯಾಮರ್ ಒಂದು ಪಾಲಿಗೆ ಸಿಕ್ಕಿತು. ಅಲ್ಲಿಗೆ ನನ್ನ ದಾರಿ ಗೊತ್ತಾಯಿತು: ಕಾಂಕ್ರೀಟಿಗೆ ವೈರು, ಮಿಕ್ಕಿದ್ದಕ್ಕೆಲ್ಲ 12 ವೋಲ್ಟು. ಇದನ್ನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ.

ಬ್ರ್ಯಾಂಡಿಗೆ ಬಂದೆ. ಡ್ರಿಲ್ಲುಗಳನ್ನು ಹೋಲಿಸಲೇ ಇಲ್ಲ, ಬ್ಯಾಟರಿ ಕುಟುಂಬಗಳನ್ನು, ಅಂದರೆ ಒಂದೇ ಬ್ಯಾಟರಿ ಕೂರುವ ಟೂಲುಗಳ ಗುಂಪುಗಳನ್ನು, ಅಳೆದು ತೂಗಿದೆ. ಉಳಿದದ್ದು ಮೂರು: ಮಿಲ್ವಾಕಿಯ ಎಂ12, ಮಕಿಟಾದ ಸಿಎಕ್ಸ್‌ಟಿ, ಬಾಷ್ ಪ್ರೊಫೆಷನಲ್‌ನ ನೀಲಿ 12. ಎಂ12ರಲ್ಲಿ ನೂರಕ್ಕೂ ಮೀರಿ ಟೂಲುಗಳಿವೆ, ಪೈಪು, ಕೇಬಲ್ಲು, ಗ್ಯಾರೇಜ್ ಕೆಲಸ ಮಾಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಆ ಕೆಲಸಗಳೇ ಇರಲಿಲ್ಲ. ಸಿಎಕ್ಸ್‌ಟಿ ಬ್ಯಾಟರಿ ಹಿಡಿಯ ಕೆಳಗೆ ಜಾರಿಸಿ ಕೂರಿಸುವಂಥದ್ದು, ಹಾಗಾಗಿ ಹಿಡಿ ತೆಳುವು, ಮೂರರಲ್ಲಿ ಕೈಗೆ ಹಿತವಾದದ್ದು ಅದೇ. ಒಂದು ಎಚ್ಚರಿಕೆ: ಮಕಿಟಾದ ಹಳೆಯ 10.8 ವೋಲ್ಟಿನ, ಹಿಡಿಯೊಳಗೆ ತೂರಿಸುವ ಬ್ಯಾಟರಿ ಇದಕ್ಕೆ ಹೊಂದುವುದಿಲ್ಲ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೋಡಿಕೊಳ್ಳಿ. ಬಾಷ್‌ನಲ್ಲಿ ಹಳೆಯ 10.8 ಬ್ಯಾಟರಿ ಈಗಿನ 12ರ ಟೂಲಿಗೆ ಕೂರುತ್ತದೆ, ಈಗಿನದು ಹಳೆಯದಕ್ಕೂ ಕೂರುತ್ತದೆ. ಅಂಕಿ ಬದಲಾಯಿತೇ ಹೊರತು ಸೆಲ್ ಅದೇ ಮೂರು. ನನ್ನನ್ನು ಆ ಕಡೆ ಎಳೆದದ್ದು ಇದು. ಇನ್ನೊಂದು ಕಾರಣ, ಅವರ ತಲೆ ಬದಲಿಸುವ ಡ್ರಿಲ್.

ಅದರ ಬಗ್ಗೆ ಎರಡು ಮಾತು ಹೇಳದೆ ಮನಸ್ಸು ಕೇಳುವುದಿಲ್ಲ. ಚಕ್ (ಬಿಟ್ ಕಚ್ಚಿ ಹಿಡಿಯುವ ಬಾಯಿ) ಕಳಚಿದರೆ ಮೈ ಒಂದು ಗೇಣಿಗಿಂತ ಚಿಕ್ಕದು. ಮೂಲೆಗೆ ತಿರುಗುವ ಲಂಬ ತಲೆ ಒಂದು, ಅಂಚಿಗೆ ಸರಿಯುವ ಆಫ್‌ಸೆಟ್ ತಲೆ ಇನ್ನೊಂದು. ಬೀರುವಿನ ಒಳಮೂಲೆಯಲ್ಲಿ, ಪಕ್ಕದ ಹಲಗೆಗೆ ಒಂದು ಬೆರಳು ದಪ್ಪದ ದೂರದಲ್ಲಿ ಸ್ಕ್ರೂ ಹಾಕಬೇಕಲ್ಲ, ಮೊದಲು ಅಲ್ಲಿ ಡ್ರಿಲ್ ಓರೆಯಾಗಿ ಹಿಡಿದು ಸ್ಕ್ರೂವಿನ ತಲೆ ಸವೆಸುತ್ತಿದ್ದೆ. ಆಫ್‌ಸೆಟ್ ತಲೆ ಹಾಕಿ ಹಲಗೆಗೆ ಆನಿಸಿದರೆ ಬಿಟ್ ನೇರ ನಿಲ್ಲುತ್ತದೆ, ಟ್ರಿಗರ್ ಮೆಲ್ಲಗೆ ಒತ್ತಿದರೆ ಸ್ಕ್ರೂ ಕುಸುರಿ ಕೆಲಸದ ಹಾಗೆ ಇಳಿಯುತ್ತದೆ. ಬಡಗಿ ಗೆಳೆಯ ಇದೊಂದನ್ನು ನೋಡಿದ ಮೇಲೆ ಆರು ತಿಂಗಳ ಮಾತು ಎತ್ತಲಿಲ್ಲ.

ತಿರುಗಿಸುವ ಬಲ ಡಬ್ಬದ ಮೇಲೆ 30 ನ್ಯೂಟನ್ ಮೀಟರ್ ಅಂತಿದೆ, ಅನೇಕ 18 ವೋಲ್ಟಿನವುಗಳ ಸುಮಾರು ಅರ್ಧ. ಗಟ್ಟಿ ಮರಕ್ಕೆ 5 × 80 ಮಿ.ಮೀ. ಸ್ಕ್ರೂ ನೇರ ಹಾಕಿದರೆ ಮುಕ್ಕಾಲಿಗೆ ನಿಂತುಬಿಡುತ್ತದೆ, ಸುಳ್ಳು ಹೇಳುವುದಿಲ್ಲ. 3 ಮಿ.ಮೀ. ತೂತು ಮೊದಲೇ ಹಾಕಿ, ಸ್ಕ್ರೂಗೆ ಮೇಣ ಸವರಿದರೆ ತಲೆ ಮಟ್ಟಸವಾಗುವವರೆಗೂ ಹೋಗುತ್ತದೆ. ಮೇಣಕ್ಕೆ ನಾನು ಇನ್ನೊಂದು ಪದಾರ್ಥ ಬೆರೆಸುತ್ತೇನೆ, ಅದನ್ನು ಬರೆಯುವುದಿಲ್ಲ, ಅದಕ್ಕಾಗಿ ಒಂದು ಚಳಿಗಾಲ ಪೂರ್ತಿ ಕಳೆದಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ. ಬ್ಯಾಟರಿಯ ಎರಡು ತುದಿಗೆ ತೆಳು ತಾಮ್ರದ ಪಟ್ಟಿ ಸೇರಿಸಿ, ಟೇಪ್ ಸುತ್ತಿ ಮಲ್ಟಿಮೀಟರಿಗೆ ಕೊಟ್ಟು, 20 ಮಿ.ಮೀ. ಚಪ್ಪಟೆ ಬಿಟ್‌ನಿಂದ ಮರ ಕೊರೆದೆ. ಮೂರು ಸೆಲ್ಲಿನ ಬ್ಯಾಟರಿ 12ರಿಂದ 9ರ ಹತ್ತಿರಕ್ಕೆ ಕುಸಿಯಿತು. ಅದೇ ಕುಟುಂಬದ ಆರು ಸೆಲ್ಲಿನ ದೊಡ್ಡ ಬ್ಯಾಟರಿ ಅದೇ ಹಲಗೆಯಲ್ಲಿ ಹತ್ತೂಕಾಲಿಗಿಂತ ಕೆಳಗೆ ಹೋಗಲಿಲ್ಲ. ಭಾರ ಎರಡೆರಡು ಸೆಲ್ ಹಂಚಿಕೊಳ್ಳುತ್ತವೆ, ಅಷ್ಟೇ. ಟೂಲು ಅದೇ, ಬಲ ಬೇರೆ. ಕೀಲಿನ 35 ಮಿ.ಮೀ. ಗುಂಡಿಗೆ ಇನ್ನು ಮುಂದೆ ಆರು ಸೆಲ್ಲಿನದನ್ನೇ ಹಾಕಿ, ಕಡಿಮೆ ಗೇರಿನಲ್ಲಿ ಕೊರೆಯುತ್ತೇನೆ. ಅದನ್ನು ಬಿಡಿಯಾಗಿ ಕೊಂಡದ್ದಕ್ಕೆ ಒಂದು ಪಾಲು ಹೋಯಿತು, ಬೇಸರವಿಲ್ಲ.

ಖರ್ಚು: ಡ್ರಿಲ್, ತಲೆಗಳು, 2 ಎಎಚ್ ಎರಡು, ಚಾರ್ಜರ್ ಸೇರಿ ಮೂರು ಪಾಲು. 85 ಮಿ.ಮೀ. ಬ್ಲೇಡಿನ ಪುಟ್ಟ ಸರ್ಕ್ಯುಲರ್ ಸಾ, ಬ್ಯಾಟರಿ ಇಲ್ಲದೆ, ಎರಡು ಪಾಲು, 18 ಮಿ.ಮೀ. ಪ್ಲೈವುಡ್ಡಿಗೆ ಸಾಕಷ್ಟಾಯಿತು, 26 ಮಿ.ಮೀ. ಆಳದವರೆಗೆ ಹೋಗುತ್ತದೆ. ದೊಡ್ಡ ಬ್ಯಾಟರಿ, ವೈರಿನ ಹ್ಯಾಮರ್ ಸೇರಿ ಒಟ್ಟು ಏಳು. ಕಳೆದುಕೊಂಡ ಎಂಟರಲ್ಲಿ ಇಷ್ಟೂ ಬಂದು ಒಂದು ಉಳಿಯುತ್ತಿತ್ತು.

ಆಗದ ಕೆಲಸಗಳೂ ಇವೆ. 68 ಮಿ.ಮೀ. ಹೋಲ್ ಸಾ (ದುಂಡು ಗುಂಡಿ ಕೊರೆಯುವ ಗರಗಸ) ಹಾಕಿದಾಗ ಎರಡು ಸಲ ಬಿಸಿಯಾಗಿ ತಾನೇ ನಿಂತಿತು, ವೈರಿನದರಲ್ಲಿ ಮುಗಿಸಿದೆ. ಉಜ್ಜುವ ಸ್ಯಾಂಡರಿನಂಥ ಬಿಡದೆ ಓಡುವ ಟೂಲಿಗೆ ಈ ಬ್ಯಾಟರಿ ಸಾಲದು. ಹುಲ್ಲು ಕತ್ತರಿಸುವುದು, ಎಲೆ ಊದುವುದು ಎಲ್ಲ ಒಂದೇ ಬ್ಯಾಟರಿಯಲ್ಲಿ ಆಗಬೇಕು ಅನ್ನುವವರು 18ಕ್ಕೇ ಹೋಗಲಿ. ಹಾಗೆ ಹೋಗುವವರಿಗೆ ನಾನು ಹೇಳುವ ಹೆಸರು ರ್ಯೋಬಿ ಒನ್ ಪ್ಲಸ್, 1996ರಿಂದ ಬ್ಯಾಟರಿ ಕೂರುವ ಜಾಗ ಬದಲಿಸಿಲ್ಲ.

2 ಎಎಚ್‌ನ ಎರಡು ಬ್ಯಾಟರಿಗೂ ಬಿಳಿ ಬಣ್ಣದಲ್ಲಿ ಒಂದು, ಎರಡು ಅಂತ ಬರೆದಿದ್ದೇನೆ, ವಾರಕ್ಕೊಂದು ಸರದಿ. ಇಡುವಾಗ ಅರ್ಧ ಚಾರ್ಜು, ಬಿಸಿಲು ಬೀಳದ ಜಾಗ. ಎರಡು ವರ್ಷದ ಮೇಲೆ ಮೊನ್ನೆ ಮತ್ತೆ ಬಲ್ಬಿಗೆ ಹಾಕಿ ನೋಡಿದೆ, ಈ ಸಲ ಒಂದೇ ಬಲ್ಬು, 9 ವೋಲ್ಟಿಗೆ ನಿಲ್ಲಿಸಿದೆ. ಎರಡರಲ್ಲೂ 1.8 ಎಎಚ್ ಮೇಲೆ ಬಂತು. ಸೆಕೆಂಡ್ ಹ್ಯಾಂಡ್ ಬ್ಯಾಟರಿಯ ವಯಸ್ಸನ್ನು ಕೊಳ್ಳುವ ಮೊದಲೇ ಕಂಡುಹಿಡಿಯುವ ಒಂದು ಉಪಾಯ ಕೂಡ ಈ ನಡುವೆ ಕೈಗೆ ಸಿಕ್ಕಿದೆ. ನನಗೆ ಇನ್ನೂ ಎರಡು ಬೇಕಾಗಿವೆ, ಅವು ಸಿಗುವವರೆಗೆ ಅದು ನನ್ನಲ್ಲೇ ಇರಲಿ.

ಭಾವ ಹೋದ ವಾರ ಇದೇ ಕುಟುಂಬದ ಇಂಪ್ಯಾಕ್ಟ್ ಡ್ರೈವರ್ (ಸ್ಕ್ರೂ ಬಿಗಿಸುವ ಟೂಲು) ಕೊಂಡರು. ಅವರ ಬ್ಯಾಟರಿ ನನ್ನದಕ್ಕೆ, ನನ್ನದು ಅವರದಕ್ಕೆ. ಬರುವ ಭಾನುವಾರ ಅವರ ಮನೆಯ ಏಳು ಕಿಟಕಿಗೆ ಪರದೆ ಕಂಬಿ ಹಾಕಬೇಕು. ಕಿಟಕಿಯ ಮೇಲೆಲ್ಲ ಕಾಂಕ್ರೀಟು, ವೈರಿನ ಹ್ಯಾಮರ್ ನಾನೇ ಒಯ್ಯುತ್ತೇನೆ.