ಅಡ್ಡಮಳಿ ಬರೂಕಿಂತ ಮೊದ್ಲ ಮನ್ಯಾಗ, ಹೊಲದಾಗ ಏನೇನು ನೋಡ್ಕೋಬೇಕು

ಯುಗಾದಿ ಮುಗೀತಂದ್ರ ಗದಗ ಜಿಲ್ಲಾದ ಕಪ್ಪತಗುಡ್ಡದ ಬುಡಕ್ಕಿರೋ ನಮ್ಮ ಊರುಗಳಿಗೆ ಒಂದು ಅಂಜಿಕಿ ಸುರು ಆಗ್ತೈತಿ. ಮಿರಗದ ಮಳಿಗೆ ಯಾರೂ ಅಂಜಂಗಿಲ್ಲ, ಅದಕ್ಕ ದಾರಿ ಕಾಯ್ಕೋತ ಕುಂತಿರ್ತೀವಿ. ಆದ್ರ ಅಶ್ವಿನಿ, ಭರಣಿ, ಕೃತ್ತಿಕಾ ಅಂದ್ರ ಏಪ್ರಿಲ್ ಅರ್ಧದಿಂದ ಮೇ ಕಡೀತನಕ ಬರೋ ಅಡ್ಡಮಳಿ ಐತೆಲ್ಲ, ಅದರ ರೀತಿನ ಬ್ಯಾರೆ. ಹನಿ ಬೀಳೂಕಿಂತ ಮೊದ್ಲ ಗಾಳಿ ಬರ್ತೈತಿ, ಒಮ್ಮೊಮ್ಮೆ ಗಾಳಿಗಿಂತ ಮೊದ್ಲ ಸಿಡ್ಲು. ಮಳಿ ಬರೂ ಮುಂಚಿನ ಆ ಕಾಲು ತಾಸಿನ್ಯಾಗ "ಇಷ್ಟು ಕೆಲಸ ಮುಗಿಸಿ ಹೊಂಟ್ರಾತು" ಅಂತ ನಿಂತೋರ ಜೀವಕ್ಕ ಅಪಾಯ. ಹೊಸ್ತಾಗಿ ಸಂಸಾರ ಹೂಡಿದ ಸೊಸ್ತ್ಯಾರು, ಹುಬ್ಬಳ್ಳಿ ಬೆಂಗಳೂರು ಬಿಟ್ಟು ಬಂದು ಊರಾಗ ಇರೋ ಹುಡುಗ್ರು ಕೇಳ್ತಿರ್ತಾರ, ಅದಕ್ಕ ನನಗ ಗೊತ್ತಿದ್ದಷ್ಟು ಬರೀತೀನಿ.

ಮೊದ್ಲು ಪತ್ರಾಸ, ಅಂದ್ರ ಮ್ಯಾಲೆ ಹೊಚ್ಚಿದ ತಗಡು ನೋಡ್ರಿ. ದನದ ಮನಿ, ಹಿತ್ತಲ ಶೆಡ್ಡು, ಹೊಲದಾಗಿನ ಉಳ್ಳಾಗಡ್ಡಿ ಶೆಡ್ಡು, ಎಲ್ಲಾ ಕಡೆ ಪತ್ರಾಸಿನ ಮ್ಯಾಲೆ ಕಲ್ಲು ಹೇರಿ ಬಿಟ್ಟಿರ್ತಾರ. ಗಾಳಿ ಅಂಚಿನ ಕೆಳಗ ಹೊಕ್ಕು ಎತ್ತಿತಂದ್ರ ಪತ್ರಾಸೂ ಹೋಗ್ತೈತಿ, ಆ ಕಲ್ಲು ಉಳ್ಳಿ ಕೆಳಗ ಮಲಗಿದೋರ ತಲಿ ಮ್ಯಾಲೂ ಬೀಳ್ತೈತಿ. ಹುಕ್ ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ ಬಿಗಿಸ್ರಿ, ಅಂಚಿನ ಸಾಲಿಗೆ ನಡುವಿನಕ್ಕಿಂತ ಎರಡರಷ್ಟು ಹಾಕಸ್ರಿ, ಯಾಕಂದ್ರ ಗಾಳಿ ಮೊದ್ಲು ಹಿಡಿಯೋದು ಅಂಚನ್ನ. ಅಷ್ಟು ರೊಕ್ಕ ಆಗ್ಲಿಲ್ಲಂದ್ರ ಖಾಲಿ ಸಿಮೆಂಟ್ ಚೀಲಕ್ಕ ಉಸುಕು ತುಂಬಿ ಬಾಯಿ ಹೊಲದು, ಎರಡೆರಡು ಚೀಲ ದಪ್ಪ ಹಗ್ಗದಿಂದ ಜೋಡಿಸಿ ಈ ಕಡೆ ಒಂದು ಆ ಕಡೆ ಒಂದು ಬರೂಹಂಗ ಪತ್ರಾಸಿನ ಮ್ಯಾಲೆ ಇಳಿಬಿಡ್ರಿ. ಬಟ್ಟಿ ಒಣಗಿಸೂ ತಂತಿ ಪತ್ರಾಸಿನ ಕಂಬಕ್ಕ ಕಟ್ಟಿದ್ರ ಇವತ್ತ ಬಿಚ್ಚಿ ನೈಲಾನ್ ಹಗ್ಗ ಕಟ್ರಿ. ಗಾಳಿಗೆ ಎಲ್ಲೋ ಒಂದು ವಾಯರ್ ಸುಲದು ಪತ್ರಾಸಿಗೆ ತಾಕಿರ್ತೈತಿ, ಹಸಿ ಬಟ್ಟಿ ಹಾಕಾಕ ಹೋದ ಹೆಣ್ಮಗಳು ತಂತಿ ಮುಟ್ಟಿದ್ಲಂದ್ರ ಮುಗೀತು. ಮಣ್ಣಿನ ಮಾಳಗಿ ಇದ್ರ ಹುಲ್ಲು ಕಿತ್ತು ಸವಳ ಮಣ್ಣು ಹಾಕಿ ಬಡೀರಿ, ನೀರು ಹೋಗೋ ತೂತಿನ್ಯಾಗ ಗುಬ್ಬಿ ಗೂಡು ಕಟ್ಟಿದ್ರ ತಗದಿಡ್ರಿ.

ಈಗ ಮುಗಲು ನೋಡೋದು. ಮಧ್ಯಾಹ್ನ ಒಂದು ಎಲಿ ಅಲ್ಲಾಡದಂಗ ಧಗಿ ಆಗಿ, ಗುಡ್ಡದ ಹಿಂದ ಮೋಡ ಹತ್ತಿ ಅಂಡಿಗಿ ಒಂದರ ಮ್ಯಾಲೊಂದು ಒಟ್ಟಿದಂಗ ಮ್ಯಾಲೆ ಮ್ಯಾಲೆ ಏರಾಕತ್ತಿದ್ರ ಅವತ್ತು ಸಂಜಿಗೆ ಏನರೆ ಒಂದು ಆಗೇ ಆಗ್ತೈತಿ. ಗುಡ್ಡದ ಮ್ಯಾಲಿನ ಗಾಳಿ ಫ್ಯಾನು ಧೂಳಿನ್ಯಾಗ ಮುಚ್ಚಿ ಹೋದ್ವು, ಇದ್ದಕ್ಕಿದ್ದಂಗ ತಣ್ಣನ ಗಾಳಿ ಮಾರಿಗೆ ಬಡೀತು ಅಂದ್ರ ಕೈಯಾಗಿನ ಕೆಲಸ ಅಲ್ಲೇ ಬಿಡ್ರಿ. ಮಿಂಚು ಕಂಡು ಗುಡುಗು ಕೇಳೂತನಕ ಎಣಸ್ರಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಸೂದ್ರಾಗ ಗುಡುಗು ಕೇಳ್ತಂದ್ರ ಸಿಡ್ಲು ನಿಮ್ಮ ಹೊಲಕ್ಕ ಬೀಳೋವಷ್ಟು ಹತ್ರ ಐತಿ, ತಲಿ ಮ್ಯಾಲೆ ಬಿಸಲಿದ್ರೂ ಅಷ್ಟ. ಕಡೀ ಗುಡುಗು ಕೇಳಿ ಅರ್ಧ ತಾಸು ಆಗೂತನಕ ಹೊರಗ ಬರಬ್ಯಾಡ್ರಿ. ಫೋನಿನ್ಯಾಗ ದಾಮಿನಿ ಆ್ಯಪ್ ಐತಿ, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದೋರದು ಸಿಡಿಲು ಅಂತ ಇನ್ನೊಂದು ಐತಿ, ಮೊಮ್ಮಕ್ಕಳಿಗೆ ಹೇಳಿ ಹಾಕಿಸ್ಕೋರಿ. ಆದ್ರ ಹೊಲದಾಗ ನೆಟ್‌ವರ್ಕ್ ಸಿಗದಿದ್ರ ಕಣ್ಣು ಕಿವಿನ ಗತಿ.

ಹೆಣ್ಮಕ್ಕಳಿಗೆ ಒಂದು ಮಾತು ಒತ್ತಿ ಹೇಳ್ತೀನಿ. ಇದ ಹೊತ್ತಿನ್ಯಾಗ ನಾವು ಮಾಳಗಿ ಮ್ಯಾಲೆ ಸಂಡಗಿ, ಹಪ್ಪಳ, ಶಾವಿಗಿ ಹಾಕಿರ್ತೀವಿ, ಗುಡುಗು ಕೇಳಿದ ಕೂಡ್ಲೆ "ಅಯ್ಯ ನನ್ನ ಸಂಡಗಿ" ಅಂತ ಮ್ಯಾಲೆ ಓಡ್ತೀವಿ. ಆ ಹೊತ್ತಿಗೆ ಇಡೀ ಓಣಿಯಾಗ ಎತ್ತರಕ್ಕ ನಿಂತಿರೋದು ನೀವ! ಸಂಡಗಿ ತೊಯ್ದ್ರ ತೊಯ್ಲಿ ಯವ್ವಾ, ನಾಳಿ ಮತ್ತ ಮಾಡಿದ್ರಾತು. ಅದಕ್ಕ ನಾ ಹೇಳೋದು, ಹಿಟ್ಟು ನಸಿಕಿನ್ಯಾಗ ಕುದಿಸಿ ಎಂಟು ಗಂಟೆ ಒಳಗ ಹಾಕಿಬಿಡ್ರಿ, ಕಾಟನ್ ಸೀರಿ ಮ್ಯಾಲೆ ಹಾಕ್ರಿ, ಎರಡು ಗಂಟೇಕ್ಕ ಮೋಡ ಕಂಡ್ರ ನಾಕೂ ಮೂಲಿ ಹಿಡದು ಒಮ್ಮೆಗೇ ಒಳಗ ತರಾಕ ಬರ್ತೈತಿ.

ಹೊಲದಾಗಿದ್ರ ಬೇವಿನ ಗಿಡ, ಹುಣಸಿ ಗಿಡದ ಬುಡಕ್ಕ ನಿಂದ್ರಬ್ಯಾಡ್ರಿ. ಸಿಡ್ಲು ಗಿಡಕ್ಕ ಹೊಡದು ಅಲ್ಲಿಂದ ಮನಷ್ಯಾಗ ಜಿಗೀತೈತಿ, ನೆಲದಾಗೂ ಹರೀತೈತಿ. ಟ್ರ್ಯಾಕ್ಟರ್ ಮ್ಯಾಲೆ ಕುಂತೋರಿಗೂ ರಕ್ಷಣಾ ಇಲ್ಲ, ಬಾಗಲಾ ಕಿಡಕಿ ಮುಚ್ಚಿದ ಕಾರು ಬಸ್ಸು ಆದ್ರ ನಡೀತೈತಿ. ಎಲ್ಲೂ ಹೋಗಾಕ ದಾರಿ ಇಲ್ಲಂದ್ರ ಗುಂಪು ಬಿಟ್ಟು ದೂರ ದೂರ ಆಗ್ರಿ, ತಗ್ಗಿನ ಜಾಗಾದಾಗ ಎರಡೂ ಪಾದ ಜೋಡಿಸಿ ಕುಕ್ಕರಗಾಲಿಲೆ ಕುಂಡ್ರಿ, ಮಲಗಬ್ಯಾಡ್ರಿ. ದನ ಒಂದ ಗಿಡಕ್ಕ ಸಾಲಾಗಿ ಕಟ್ಟೋ ರೂಢಿ ಬಿಡ್ರಿ. ನೆಲದಾಗ ಹರಿಯೋ ಕರೆಂಟು ಮುಂಗಾಲಿಂದ ಹಿಂಗಾಲಿಗೆ ಹೋಗಿ ಎದಿ ದಾಟ್ತೈತಿ, ಅದಕ್ಕ ಜೋಡೆತ್ತು ಒಮ್ಮೆಗೇ ಬೀಳೋದು. ಮನ್ಯಾಗ ಟಿವಿ, ಮಿಕ್ಸರ್ ಪ್ಲಗ್ ಮೋಡ ಕಂಡಾಗ ತಗೀರಿ, ಗುಡುಗು ಹತ್ರ ಬಂದಮ್ಯಾಲೆ ಮುಟ್ಟಬ್ಯಾಡ್ರಿ, ಬೋರಿನ ಸ್ಟಾರ್ಟರ್ ಹತ್ರಂತೂ ಸುಳೀಬ್ಯಾಡ್ರಿ, ನಳದ ನೀರಾಗ ಭಾಂಡೆ ತೊಳ್ಯೋದು ಆಮ್ಯಾಲೆ ಇಟ್ಕೋರಿ.

ಸಿಡ್ಲು ಬಡದೋರನ್ನ ಮುಟ್ಟಿದ್ರ ನಮಗೂ ಹೊಡೀತೈತಿ ಅಂತ ಜನ ದೂರ ನಿಂದ್ರತಾರ. ಹೊಡ್ಯಂಗಿಲ್ಲ, ಅವರ ಮೈಯಾಗ ಕರೆಂಟ್ ಉಳಿದಿರಂಗಿಲ್ಲ. ಕೆಲವರು ತಿಪ್ಪಿಯಾಗ ಹೂಳ್ತಾರ, ಆ ಹೊತ್ತು ಹಾಳು ಮಾಡಬ್ಯಾಡ್ರಿ. ಉಸರು ನಿಂತಿದ್ರ ಎದಿ ನಟ್ಟನಡುವ ಎರಡೂ ಅಂಗೈ ಇಟ್ಟು ಜೋರಾಗಿ, ಎದಿ ಎರಡು ಇಂಚು ಕುಸಿಯೋಹಂಗ, ನಿಮಿಷಕ್ಕ 100ರಿಂದ 120 ಸಲ ಒತ್ತರಿ, ಇನ್ನೊಬ್ಬರು 108ಕ್ಕ ಫೋನ್ ಹಚ್ಚಲಿ. ಒತ್ತೋದು ನಿಲ್ಲಸಬ್ಯಾಡ್ರಿ, ಸಿಡ್ಲು ಬಡದು ನಿಂತ ಎದಿ ಮತ್ತ ಸುರು ಆಗಿ ಬದುಕಿದೋರು ಅದಾರ.

ಆಣಿಕಲ್ಲು ಬಿದ್ರ ಹುಡುಗ್ರು ಆರಸಾಕ ಅಂಗಳಕ್ಕ ಓಡ್ತಾವ, ಬಾಗಲಾ ಹಾಕ್ಕೊಂಡು ಒಳಗ ಕುಂಡ್ರಸ್ರಿ, ಅದರ ಜೋಡಿ ಸಿಡ್ಲೂ ಇರ್ತೈತಿ. ಬಣವಿ ಮನಿಗೆ ಹತ್ತಿ ಒಟ್ಟಬ್ಯಾಡ್ರಿ, ಕರೆಂಟ್ ತಂತಿ ಕೆಳಗಂತೂ ಬ್ಯಾಡ, ಗಾಳಿಗೆ ತಂತಿ ತಂತಿ ಬಡದು ಒಂದು ಕಿಡಿ ಬಿದ್ರ ವರ್ಷದ ಮೇವು ಹೋತು. ಗುಡ್ಡದಾಗಿನ ಬಾದಿ ಹುಲ್ಲು ಈಗ ಪೂರಾ ಒಣಗಿರ್ತೈತಿ, ಕುರಿ ಕಾಯೋ ತಮ್ಮಗೋಳು ಬೀಡಿ ಕಡ್ಡಿ ಪೂರಾ ಆರಿಸಿ ಮಣ್ಣಾಗ ತಿಕ್ಕಿ ಒಗೀರಿ.

ಬಿಸಲಿನ ಮಾತು ಎಲ್ಲಾರಿಗೂ ಗೊತ್ತಿದ್ದದ್ದ, ಹನ್ನೊಂದಕ್ಕ ಹೊಲ ಬಿಟ್ಟು ಬರ್ರಿ, ಉಪ್ಪು ಹಾಕಿದ ಮಜ್ಜಿಗಿ, ಅಂಬಲಿ ಕುಡೀರಿ. ಒಂದ ನೆನಪಿಡ್ರಿ, ಮೈ ಕಾದು ಮಾತು ತೊದಲಾಕತ್ತಿದ್ರ ಅದು ಬರೇ ದಣಿವಲ್ಲ, ನೆರಳಿಗೆ ತಂದು ಹಸಿ ಬಟ್ಟಿ ಹೊಚ್ಚಿ ಗಾಳಿ ಬೀಸ್ರಿ, ದವಾಖಾನಿಗೆ ಒಯ್ರಿ, ಎಚ್ಚರ ಇಲ್ಲದೋರ ಬಾಯಿಗೆ ನೀರು ಹಾಕಬ್ಯಾಡ್ರಿ.

ಮಳಿ ನಿಂತಮ್ಯಾಲೆ ತಂತಿ ಹರದು ಬಿದ್ದಿದ್ರ ಕೋಲಿಲೆ ಸರಸಾಕ ಹೋಗಬ್ಯಾಡ್ರಿ, ಮಂದಿನ ದೂರ ನಿಂದ್ರಸಿ ಕರೆಂಟಿನೋರ ಸಹಾಯವಾಣಿ 1912ಕ್ಕ ಹೇಳ್ರಿ. ಮನಿ ಬಿದ್ದಿದ್ರ, ದನ ಸತ್ತಿದ್ರ ಮೊದ್ಲು ಫೋಟೋ ತಗೀರಿ, ತಲಾಠಿಗೆ ತಿಳಸ್ರಿ, ದನದ ಡಾಕ್ಟರ್ ಬಂದು ನೋಡಿ ಬರಕೊಳ್ಳೋತನಕ ಹೂಳಬ್ಯಾಡ್ರಿ, ಪಂಚನಾಮಿ ಇಲ್ಲದ ಪರಿಹಾರದ ಅರ್ಜಿ ಮುಂದ ಹೋಗಂಗಿಲ್ಲ.

ಇನ್ನೊಂದು ಐತಿ, ಇದನ್ನ ಭಾಳ ಮಂದಿ ಮರೀತಾರ. ಅಡ್ಡಮಳಿ ಆದ ನಾಕೈದು ದಿನಕ್ಕ ಕೊಯ್ದ ಜ್ವಾಳದ ಕೂಳಿ ಹಸರಾಗಿ ಚಿಗೀತಾವ, ಬ್ಯಾಸಗಿಯಾಗ ಹಸಿ ಮೇವು ಕಾಣದ ದನ ಅದಕ್ಕ ಬಾಯಿ ಹಾಕ್ತಾವ. ಆ ಎಳೀ ಚಿಗರಿನ್ಯಾಗ ಸಯನೈಡ್ ವಿಷ ಇರ್ತೈತಿ, ತಿಂದ ಸ್ವಲ್ಪ ಹೊತ್ತಿಗೆ ದನ ತೇಕತೈತಿ, ನಡಗತೈತಿ, ಬಾಯಾಗ ಜೊಲ್ಲು ಸುರದು ಬೀಳ್ತೈತಿ. ಹಂಗ ಕಂಡ್ರ ಮನಿ ಔಷಧ ಅಂತ ಕುಂಡ್ರಬ್ಯಾಡ್ರಿ, ಕೂಡ್ಲೆ ದನದ ಡಾಕ್ಟರ್ ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ, ಡಾಕ್ಟರ್ ಹತ್ರ ಅದಕ್ಕ ಇಂಜೆಕ್ಷನ್ ಐತಿ. ಕೂಳಿ ಸೊಂಟದೆತ್ತರ ಬೆಳೆಯೋತನಕ, ಇಲ್ಲಾ ರಂಟಿ ಹೊಡದು ಕೂಳಿ ಕಿತ್ತು ಒಣಗಿಸೂತನಕ ಆ ಹೊಲಕ್ಕ ದನ ಬಿಡಬ್ಯಾಡ್ರಿ, ಕಾಯೋ ಹುಡುಗಗೂ ಇದನ್ನ ಹೇಳಿ ಕಳಸ್ರಿ.